ಜಯಮಂಗಲಿ ಹರಿಯುವ ದಿಕ್ಕಿಗೆ: ದೇವರಾಯನದುರ್ಗದಿಂದ ಮಧುಗಿರಿಗೆ

ತುಮಕೂರು ಜಿಲ್ಲೆಯ ನಕ್ಷೆಯಲ್ಲಿ ದೇವರಾಯನದುರ್ಗ, ಕೊರಟಗೆರೆ, ಚನ್ನರಾಯನದುರ್ಗ, ಮಧುಗಿರಿ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಸಿಗುತ್ತವೆ. ದಕ್ಷಿಣದಿಂದ ನೇರ ಉತ್ತರಕ್ಕೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆಯೂ ಇದೇ ದಿಕ್ಕು ಹಿಡಿದು, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರುತ್ತದೆ. ತುಮಕೂರಿನಿಂದ ಮಧುಗಿರಿಗೆ ಬಸ್ಸಿನಲ್ಲಿ ಹೋದರೆ ನಲವತ್ತು ಚಿಲ್ಲರೆ ಕಿಲೋಮೀಟರ್. ಅದನ್ನೇ ಹಳ್ಳಿ ದಾರಿಯಲ್ಲಿ ಬೆಟ್ಟ ಹತ್ತಿ ಇಳಿದು, ರಾತ್ರಿ ಟೆಂಟಿನಲ್ಲಿ ಮಲಗಿ ಹೋಗೋಣ ಎಂದವನು ನನ್ನ ಭಾವಮೈದ. ಬೆಂಗಳೂರಿನಲ್ಲಿ ಕೆಲಸ. ಟೆಂಟ್ ಆಗಲೇ ಕೊಂಡಾಗಿತ್ತು. ಕೊಂಡ ಮೇಲೆ ಹಾಕಲು ಜಾಗ ಬೇಕಲ್ಲ!

ಜಾಗ ಹುಡುಕುವುದೇ ಈ ಪ್ಲಾನಿನ ಮುಕ್ಕಾಲು ಕೆಲಸ. ಮಿಕ್ಕಿದ್ದೆಲ್ಲ ಸುಲಭ.

ಅವನ ಮನಸ್ಸಿನಲ್ಲಿದ್ದದ್ದು ಬೆಟ್ಟದ ತುದಿ. ಟೆಂಟಿನ ಬಾಗಿಲು ತೆರೆದರೆ ಕೆಳಗೆ ಮಂಜು, ಎದುರಿಗೆ ಸೂರ್ಯ. ಫೋಟೋದಲ್ಲಿ ಚೆನ್ನಾಗಿರುತ್ತೆ. ಆದರೆ ನಮ್ಮ ಕಡೆ ಬೆಟ್ಟ ಅಂದರೆ ಒಂದೋ ಅರಣ್ಯ ಇಲಾಖೆಯದು, ಇಲ್ಲಾ ಪುರಾತತ್ವ ಇಲಾಖೆಯದು, ಇಲ್ಲಾ ದೇವರದು. ಎಷ್ಟೋ ಕಡೆ ಮೂರೂ ಸೇರಿಕೊಂಡಿರುತ್ತವೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವುದು, ಅಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಸಂರಕ್ಷಿತ ಕೋಟೆಗಳಲ್ಲಿ ಸಂಜೆ ಆದ ಮೇಲೆ ಇರುವಂತಿಲ್ಲ. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಒಂದು ಕಾಲದಲ್ಲಿ ಮಧ್ಯರಾತ್ರಿ ಜನ ಸಾಲುಗಟ್ಟಿ ಹತ್ತುತ್ತಿದ್ದರು. ಈಗ ಅಲ್ಲೂ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ತೆಗೆಯಬೇಕು. ಮೇಲೆ ರಾತ್ರಿ ಉಳಿಯುವಂತಿಲ್ಲ.

'ಹಾಗಾದ್ರೆ ಗೋಮಾಳದಲ್ಲಿ ಹಾಕೋಣ ಭಾವ, ಅದು ಯಾರದ್ದೂ ಅಲ್ವಲ್ಲ' ಎಂದ. ಅದು ಇನ್ನೂ ಅಪಾಯ. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಕೇಬಲ್ ಕದಿಯುವವರ ಕಾಟ ಜಾಸ್ತಿ. ಕತ್ತಲಲ್ಲಿ ಟಾರ್ಚ್ ಹಿಡಿದು ಹೊಲದ ಕಡೆ ಓಡಾಡುವ ಅಪರಿಚಿತರನ್ನು ಜನ ಮೊದಲು ಹಿಡಿದು ಕೂರಿಸುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ.

ಉಳಿದದ್ದು ಒಂದೇ ದಾರಿ. ಹಗಲು ಬೆಟ್ಟ ಹತ್ತುವುದು. ರಾತ್ರಿ ಬುಡದ ಊರಿನಲ್ಲಿ ಯಾರದಾದರೂ ಜಮೀನಿನಲ್ಲಿ, ಅವರನ್ನು ಕೇಳಿ ಮಲಗುವುದು. ಇದಕ್ಕೆ ನೆರವಾದವರು ನನ್ನ ಗೆಳೆಯರೊಬ್ಬರು. ಕೊರಟಗೆರೆ ಕಡೆ ಹೈಸ್ಕೂಲ್ ಮೇಷ್ಟ್ರು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಪ್ರತಿ ಊರಲ್ಲೂ ಒಬ್ಬ ಹಳೇ ಶಿಷ್ಯ, ಅವನಿಗೊಬ್ಬ ಅಪ್ಪ, ಅಪ್ಪನಿಗೊಂದು ಎಕರೆ ಇರುತ್ತದೆ. ಮೇಷ್ಟ್ರು ಎಲ್ಲೆಲ್ಲಿ 'ಬನ್ನಿ' ಅನ್ನಿಸಿಕೊಂಡರೋ ಅಲ್ಲಲ್ಲಿಗೆ ನಮ್ಮ ದಾರಿ ತಿರುಗಿತು. ಸಿದ್ಧರಬೆಟ್ಟ ಪ್ಲಾನಿನಲ್ಲಿತ್ತು. ಅಲ್ಲಿ ಮಲಗಲು ಜಾಗ ಹೊಂದಲಿಲ್ಲ, ಬಿಟ್ಟೆವು.

ಕಾಲ ಸಂಕ್ರಾಂತಿ ಕಳೆದ ವಾರ. ಮಾರ್ಚ್ ಬಂದರೆ ಇಲ್ಲಿನ ಬಂಡೆ ಕಾಲಿಡಲು ಬಿಡುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಡಿಸೆಂಬರ್, ಜನವರಿಯೇ ಸರಿ. ಚಳಿ ಇರುತ್ತದೆ, ಆದರೆ ಅವರೆಕಾಯಿಯೂ ಇರುತ್ತದೆ.

ಹೊರೆ ಎಂಟು ಕಿಲೋ ದಾಟಬಾರದು ಎಂದುಕೊಂಡೆವು. ಟೆಂಟ್, ಕೆಳಗೆ ಹಾಸಲು ಟಾರ್ಪಾಲ್, ಫೋಮ್ ಶೀಟ್, ಟಾರ್ಚ್, ಓಆರ್‌ಎಸ್ ಪೊಟ್ಟಣ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಅವನು ಸ್ಲೀಪಿಂಗ್ ಬ್ಯಾಗ್ ತಂದ. ನಾನು ಮನೆಯ ಕುರಿ ಕಂಬಳಿ ಸುತ್ತಿಕೊಂಡೆ. ಕಂಬಳಿ ಭಾರ, ಒಪ್ಪಿದೆ. ಆದರೆ ಇಬ್ಬನಿಗೆ ಒದ್ದೆಯಾದರೂ ಬೆಚ್ಚಗಿರುತ್ತದೆ, ಹಗಲು ಬಂಡೆ ಮೇಲೆ ಹಾಸಿ ಕೂರಬಹುದು. ಸ್ಟವ್ ಬೇಡ ಎಂದೆ. ಜನವರಿಯಲ್ಲಿ ಬೆಟ್ಟದ ಹುಲ್ಲು ಪೂರ್ತಿ ಒಣಗಿರುತ್ತದೆ, ಒಂದು ಕಿಡಿ ಸಾಕು. ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ, ಅವಲಕ್ಕಿ, ಚಟ್ನಿಪುಡಿ. ಹುರಿಹಿಟ್ಟಿಗೆ ಬೆಲ್ಲದ ನೀರು ಹಾಕಿ ಕಲೆಸಿದರೆ ಮೂರು ಗಂಟೆ ಹಸಿವಿಲ್ಲ. ಅವನು ತಂದಿದ್ದ ಎನರ್ಜಿ ಬಾರ್‌ಗಳನ್ನು ಕೊನೆಗೆ ದಾರಿಯ ಮಕ್ಕಳಿಗೆ ಹಂಚಿದೆವು. ಅವರೂ ಪೂರ್ತಿ ತಿನ್ನಲಿಲ್ಲ.

ಶುಕ್ರವಾರ

ಕ್ಯಾತಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದು ಸಾಧ್ಯವಿಲ್ಲ. ತಿಂದೆವು. ಅಲ್ಲಿಂದ ಆಟೋದಲ್ಲಿ ನಾಮದ ಚಿಲುಮೆ.

ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಯಿತಂತೆ. ಬಾಣ ಬಿಟ್ಟ, ಬಂಡೆ ಸೀಳಿ ನೀರು ಬಂತು. ಅದೇ ನಾಮದ ಚಿಲುಮೆ. ಬಂಡೆಯಲ್ಲಿ ಒಂದು ಗುಂಡಿ, ಅದರಲ್ಲಿ ನೀರು, ಅಷ್ಟೇ. ಪಕ್ಕದಲ್ಲಿ ಜಿಂಕೆಗಳ ಆವರಣ ಇದೆ. ಕೋತಿಗಳು ಮಾತ್ರ ಎಲ್ಲ ಕಡೆ ಇವೆ. ಬ್ಯಾಗಿನ ಹೊರಗಡೆ ಜೇಬಿನಲ್ಲಿ ಬಾಳೆಹಣ್ಣು ಇಡಬೇಡಿ.

ಅಲ್ಲಿಂದ ದೇವರಾಯನದುರ್ಗಕ್ಕೆ ಕಾಡಿನ ನಡುವೆ ಟಾರ್ ರಸ್ತೆ. ನಡೆಯುವವರಿಗೂ ಅದೇ. ಪಕ್ಕದ ಕಾಲುದಾರಿಗಳು ಕರೆಯುತ್ತವೆ, ಹೋಗಬಾರದು. ಇದು ಚಿರತೆ, ಕರಡಿ ಇರುವ ಕಾಡು. ಊರಿಗೆ ಮೊದಲು ಆನೆಬಿದ್ದಸರಿ ಅಂತ ಹೆಸರಿತ್ತು. ಆಮೇಲೆ ಜಡಕನದುರ್ಗ ಆಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗ. ಬೆಟ್ಟದಲ್ಲಿ ಕೆಳಗೆ ಭೋಗಾನರಸಿಂಹ, ತುದಿಯಲ್ಲಿ ಯೋಗಾನರಸಿಂಹ. ಮೇಲಿನ ಮೆಟ್ಟಿಲು ಹತ್ತುವಾಗ ಭಾವಮೈದನಿಗೆ ಹೊರೆ ಎಷ್ಟು ಅನ್ನುವುದು ಗೊತ್ತಾಯಿತು. ಟೆಂಟಿನ ಜೊತೆ ಮಡಚುವ ಕುರ್ಚಿಯನ್ನೂ ತುರುಕಿಕೊಂಡಿದ್ದ. ಭೋಗಾನರಸಿಂಹನ ಹತ್ತಿರದ ಹೂವಿನ ಅಂಗಡಿಯಲ್ಲಿ ಕುರ್ಚಿ ಬಿಟ್ಟು ಮೇಲೆ ಹೋದೆವು. ಇಳಿದಾಗ ಅಂಗಡಿಯಮ್ಮ ಅದರಲ್ಲೇ ಕೂತಿದ್ದರು. 'ಇರ್ಲಿ ಬಿಡಮ್ಮ' ಎಂದು ಕೊಟ್ಟೇಬಿಟ್ಟ.

ಸುಮಾರು 1,200 ಮೀಟರ್ ಎತ್ತರದ ಈ ತುದಿಯಲ್ಲಿ ನಿಂತರೆ ಎರಡು ನದಿಗಳ ತಲೆ ಮೇಲೆ ನಿಂತ ಹಾಗೆ. ಶಿಂಷಾ ಇಲ್ಲೇ ಹುಟ್ಟಿ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೋಗಿ ಪಿನಾಕಿನಿಗೆ. ಅಕ್ಕಪಕ್ಕ ಬಿದ್ದ ಎರಡು ಮಳೆ ಹನಿ, ಒಂದು ತಮಿಳುನಾಡಿಗೆ, ಇನ್ನೊಂದು ಆಂಧ್ರಕ್ಕೆ. ಜನವರಿಯಲ್ಲಿ ಹನಿಯೂ ಇಲ್ಲ, ನದಿಯೂ ಇಲ್ಲ. ಮರಗಳ ಹಸಿರು ಗೆರೆ ನೋಡಿ ಹಳ್ಳ ಎಲ್ಲಿದೆ ಅಂದುಕೊಳ್ಳಬೇಕು.

ದೊಡ್ಡ ಕ್ಯಾಮೆರಾ ಹಿಡಿದ ಇಬ್ಬರು ಒಂದು ಪೊದೆಯ ಎದುರು ಕೂತಿದ್ದರು. ಹಳದಿ ಕೊರಳಿನ ಪಿಕಳಾರಕ್ಕೆ ಕಾಯುತ್ತಿದ್ದರಂತೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳ ಕುರುಚಲಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ನಂದಿಬೆಟ್ಟದಲ್ಲೂ ಇದೆ. ನಮಗೆ ಕೂಗು ಕೇಳಿಸಿತು, ಹಕ್ಕಿ ಕಾಣಲಿಲ್ಲ.

ನಾಲ್ಕು ಗಂಟೆಗೆ ಇಳಿಯಲು ಶುರು ಮಾಡಿದೆವು. ಕಾಡಿನ ಗಡಿ ದಾಟಿ ಊರು ಸೇರುವಷ್ಟರಲ್ಲಿ ಇನ್ನೂ ಬೆಳಕಿತ್ತು. ಮೇಷ್ಟ್ರ ಶಿಷ್ಯನ ಅಪ್ಪ, ಯಜಮಾನರು, ರಸ್ತೆಗೇ ಬಂದು ನಿಂತಿದ್ದರು. ತೋಟ ತೋರಿಸಿದರು. ತೆಂಗು, ಅಡಿಕೆ, ಬದಿಯಲ್ಲಿ ಹುಣಸೆ. ಭಾವಮೈದ ತೆಂಗಿನ ಮರದ ಕೆಳಗೆ ಮೆತ್ತಗಿನ ಜಾಗ ನೋಡಿ ಬ್ಯಾಗ್ ಇಳಿಸಿದ.

'ಅಲ್ಲಿ ಬ್ಯಾಡ ಸ್ವಾಮಿ. ಕಾಯಿ ಬಿದ್ರೆ ತಲೆ ಉಳಿಯಲ್ಲ.'

'ಅಡಿಕೆ ಸಾಲಿನ ಮಧ್ಯೆ ಹಾಕ್ಲಾ?'

'ರಾತ್ರಿ ಕರೆಂಟ್ ಬಂದ್ರೆ ಮೋಟ್ರು ತಾನಾಗೇ ಓಡುತ್ತೆ. ನೀವು ತೇಲ್ತೀರಾ.'

'ಆ ಹುಣಸೆ ಮರದ ಕೆಳಗೆ?'

ಇದಕ್ಕೆ ಯಜಮಾನರು ಉತ್ತರ ಕೊಡಲಿಲ್ಲ. ಅವರ ಹೆಂಡತಿ ಕೊಟ್ಟರು. 'ಅಲ್ಲಿ ಯಾರೂ ಮಲಗಲ್ಲ ಕಣಪ್ಪ.' ಯಾಕೆ ಅಂತ ಕೇಳುವಷ್ಟು ಧೈರ್ಯ ನಮಗಿರಲಿಲ್ಲ.

ಕೊನೆಗೆ ಟೆಂಟ್ ಎದ್ದದ್ದು ಮನೆ ಹಿಂದಿನ ಕಣದಲ್ಲಿ, ರಾಗಿ ಹುಲ್ಲಿನ ಬಣವೆ ಪಕ್ಕ. ಸಗಣಿ ಸಾರಿಸಿ ಗಟ್ಟಿಯಾದ ನೆಲ. ಗೂಟ ಇಳಿಯಲಿಲ್ಲ, ನಾಲ್ಕು ಮೂಲೆಗೂ ಕಲ್ಲು ಕಟ್ಟಿದೆವು. ಊಟ ನಾವು ತಂದಿದ್ದೇವೆ ಎಂದರೆ ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. ಮುದ್ದೆ, ಅವರೆಕಾಳು ಸಾರು. ಅವರೆ ಕಾಲದಲ್ಲಿ ಈ ಸೀಮೆಗೆ ಬಂದವರು ಹುರಿಹಿಟ್ಟು ತಿಂದು ಮಲಗಿದರೆ ಅದು ಮನೆಯವರಿಗೆ ಅವಮಾನ.

ರಾತ್ರಿ ಒಂದು ಗಂಟೆ ಹೊತ್ತಿಗೆ ಜೋರು ಮಾತು ಕೇಳಿ ಎಚ್ಚರವಾಯಿತು. ಜಗಳ ಅಂದುಕೊಂಡೆ. ಯಜಮಾನರು, ಮಗ, ಟಾರ್ಚು ಹಿಡಿದು ತೋಟಕ್ಕೆ ಹೊರಟಿದ್ದರು. ತ್ರೀ ಫೇಸ್ ಬಂದಿತ್ತು. ನಿದ್ದೆ ಹೋಗಿತ್ತಲ್ಲ, ನಾನೂ ಕಂಬಳಿ ಹೊದ್ದು ಹಿಂದೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಸುಮ್ನೆ ಏನೇನೋ ಜೋರಾಗಿ ಮಾತಾಡುತ್ತಿದ್ದರು. ಹಸುವಿನ ರೇಟು, ಚೀಟಿ ದುಡ್ಡು, ಯಾರದೋ ಮದುವೆ. ಆಮೇಲೆ ಗೊತ್ತಾಯಿತು, ಮಾತು ಕರಡಿಗೆ ಕೇಳಲಿ ಅಂತ. ಕರಡಿ ಬೇಕೆಂದು ಮೇಲೆ ಬೀಳುವುದು ಅಪರೂಪ. ಗಮನವಿಲ್ಲದೆ ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಬಿಡುವುದಿಲ್ಲ. ಅದಕ್ಕೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಗೆದ್ದಲಿನ ಹುತ್ತದಲ್ಲಿ ಮೂತಿ ಇಟ್ಟು ಕೂತಿದ್ದರೆ ನಾವು ಬರುವುದು ಗೊತ್ತೇ ಆಗುವುದಿಲ್ಲ.

ಮೋಟಾರ್ ತಾನಾಗಿ ಓಡುತ್ತದೆ, ಸರಿ. ಆದರೆ ಗೇಟ್‌ವಾಲ್ ತಿರುಗಿಸಿ ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಡಲು ಮನುಷ್ಯ ಹೋಗಬೇಕು. ಡ್ರಿಪ್ ಪೈಪನ್ನು ಇಲಿ ಕಡಿದಿದ್ದರೆ ಕಟ್ಟಬೇಕು. ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಯಜಮಾನರು ವಾಲ್ ತಿರುಗಿಸುತ್ತಾ ಕೇಳಿದರು, 'ನೀವು ದುಡ್ಡು ಖರ್ಚು ಮಾಡಿ ಹೊರಗೆ ಮಲಗಾಕೆ ಬಂದಿದೀರಾ?' ನಗುತ್ತಲೇ ಕೇಳಿದ್ದು. ಹೌದು ಎಂದೆ. ಬೇರೆ ಏನು ಹೇಳುವುದು? ಎರಡು ಗಂಟೆ ಆಯಿತು ವಾಪಸ್ ಬರುವಾಗ. ಭಾವಮೈದ ಟೆಂಟಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಶನಿವಾರ

ಮೇಷ್ಟ್ರು ಬೆಳಗ್ಗೆ ಬಂದು ಸೇರಿದರು. ಇವತ್ತು ಬೆಟ್ಟವಿಲ್ಲ, ಬರೀ ದಾರಿ. ಗೊರವನಹಳ್ಳಿವರೆಗೆ ಹಳ್ಳಿ ಹಳ್ಳಿ ಸುತ್ತಿಕೊಂಡು ನಡೆಯಬೇಕು. ಎಡಕ್ಕೂ ಬಲಕ್ಕೂ ಕಲ್ಲುಗುಡ್ಡ, ನಡುವೆ ಅಡಿಕೆ, ರಾಗಿ ಕುಯ್ದ ಹೊಲ, ತೊಗರಿ. ರಸ್ತೆ ಮೇಲೆ ಹುರುಳಿ ಹಾಸಿದ್ದರು. ಬಸ್ಸು, ಟ್ರ್ಯಾಕ್ಟರು ತುಳಿದುಕೊಂಡು ಹೋದರೆ ಒಕ್ಕಣೆ ಆದಹಾಗೆ. ಬೈಕಿನವರಿಗೆ ಜಾರುತ್ತದೆ, ನಡೆಯುವವರಿಗೆ ಮೆತ್ತಗೆ ಹಿತ.

ನೀರಿನ ವಿಷಯ ಇಲ್ಲಿ ಹೇಳಬೇಕು. ಇಲ್ಲಿಂದ ಉತ್ತರಕ್ಕೆ, ಮಧುಗಿರಿ, ಪಾವಗಡದ ಕಡೆ ಹೋದಷ್ಟೂ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು ಮೇಷ್ಟ್ರು ಕ್ಲಾಸಿನಲ್ಲಿ ನೋಡುತ್ತಲೇ ಬಂದಿದ್ದಾರೆ. ಚಾರಣಕ್ಕೆ ಹೋಗುವವರು ನೀರು ಕುದಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಹೆಚ್ಚೇ ಆಗುತ್ತದೆ. ಹಾಗಾಗಿ ನಮ್ಮ ಲೆಕ್ಕವೆಲ್ಲ ಹಳ್ಳಿಗಳ ಶುದ್ಧ ನೀರಿನ ಘಟಕದ ಮೇಲೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುವಷ್ಟು ನೀರು ಸುರಿಯುತ್ತದೆ. ತೊಂದರೆ ಏನೆಂದರೆ ನಮಗೆ ಬೇಕಾದದ್ದು ಮೂರು ಬಾಟಲಿ. ಮಿಕ್ಕ ನೀರು ಚೆಲ್ಲುವುದು ನೋಡಿ ಕ್ಯಾನ್ ಹಿಡಿದು ನಿಂತಿದ್ದ ಹೆಂಗಸೊಬ್ಬರು 'ತಡೀರಣ್ಣ' ಎಂದು ನಮ್ಮ ಕಾಯಿನ್ ಉಳಿಸಿ, ತಮ್ಮ ಕ್ಯಾನಿನಿಂದಲೇ ಬಾಟಲಿ ತುಂಬಿಸಿಕೊಟ್ಟರು. ಆಮೇಲೆ ಪ್ರತಿ ಊರಲ್ಲೂ ಹೀಗೇ ಮಾಡಿದೆವು. ಕರೆಂಟ್ ಇಲ್ಲದಿದ್ದರೆ ಘಟಕವೂ ಇಲ್ಲ, ಅದಕ್ಕೆ ಸಿಕ್ಕ ಕಡೆಯೆಲ್ಲ ತುಂಬಿಸಿಕೊಳ್ಳಬೇಕು.

ಮಧ್ಯಾಹ್ನ ಬಿಸಿಲು ಜೋರಾಯಿತು. ಜನವರಿ ಬಿಸಿಲು ಅಂತ ಉದಾಸೀನ ಮಾಡುವ ಹಾಗಿಲ್ಲ. ಹೊಂಗೆ ನೆರಳಲ್ಲಿ ಮೂರು ಗಂಟೆವರೆಗೆ ಬಿದ್ದುಕೊಂಡೆವು. ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನ ತಲುಪಿದಾಗ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಭಕ್ತರು ಜಾಸ್ತಿ ಬರುವ ಜಾಗ. ಹೊರೆ ಹೊತ್ತ ನಮ್ಮನ್ನು ಹರಕೆಗೆ ನಡೆದು ಬಂದವರು ಅಂದುಕೊಂಡು ಒಬ್ಬರು ದಾರಿ ಬಿಟ್ಟರು. ನಾವೂ ತಿದ್ದಲಿಲ್ಲ, ಬೇಗ ದರ್ಶನ ಆಯಿತು.

ಹತ್ತಿರದಲ್ಲೇ ಜಯಮಂಗಲಿಗೆ ಕಟ್ಟಿದ ತೀತಾ ಜಲಾಶಯ. ನೀರಿನ ದಡದಲ್ಲಿ ಟೆಂಟ್ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ನೀರಿನ ಹತ್ತಿರ ಇಬ್ಬನಿ ಎರಡು ಪಟ್ಟು, ಸೊಳ್ಳೆ ನಾಲ್ಕು ಪಟ್ಟು. ಸ್ವಲ್ಪ ದೂರದ ಏರು ಹೊಲದಲ್ಲಿ ಜಾಗ ಕೇಳಿದ್ದೆವು. ಅಲ್ಲೂ ಬೆಳಗಾಗುವಷ್ಟರಲ್ಲಿ ಟೆಂಟಿನ ಒಳಗೋಡೆ ತೊಟ್ಟಿಕ್ಕುತ್ತಿತ್ತು. ಚಳಿ ಅಂತ ಭಾವಮೈದ ಗಾಳಿ ಕಿಂಡಿಗಳನ್ನೆಲ್ಲ ಮುಚ್ಚಿದ್ದ. ನಮ್ಮ ಉಸಿರೇ ನೀರಾಗಿತ್ತು. ಕಿಂಡಿ ತೆರೆದಿಟ್ಟು ಕಿವಿಗೆ ಟೋಪಿ ಹಾಕಿಕೊಳ್ಳುವುದು ಸರಿಯಾದ ದಾರಿ. ಆ ರಾತ್ರಿ ಬಗ್ಗೆ ಇಷ್ಟು ಸಾಕು. ನಾಯಿಗಳು ಬೊಗಳಿದವು, ಮೇಷ್ಟ್ರು ಮಾತ್ರ ಚೆನ್ನಾಗಿ ನಿದ್ದೆ ಮಾಡಿದರು. ಅವರು ಟೆಂಟಿಗೆ ಬರದೆ ಹೊಲದವರ ಮನೆಯ ಜಗಲಿ ಮೇಲೆ ಮಲಗಿದ್ದರು.

ಭಾನುವಾರ

ಕೊರಟಗೆರೆವರೆಗೆ ಬಸ್ಸು. ಇದಕ್ಕೆ ನಾಚಿಕೆಯೇನಿಲ್ಲ. ದೊಡ್ಡ ರಸ್ತೆಯ ಅಂಚಿನಲ್ಲಿ ಲಾರಿ ಗಾಳಿ ಕುಡಿಯುತ್ತಾ ನಡೆಯುವುದು ನಡಿಗೆಯಲ್ಲ. ಕೊರಟಗೆರೆಯಲ್ಲಿ ತಿಂಡಿ ತಿಂದು, ಪೇಟೆ ದಾಟಿ, ಒಳದಾರಿ ಹಿಡಿದು ಚನ್ನರಾಯನದುರ್ಗದ ಕಡೆ ಹೊರಟೆವು.

ಮೂರೂ ದುರ್ಗಗಳಲ್ಲಿ ನನಗೆ ಇಷ್ಟವಾದದ್ದು ಇದು. ದೇವರಾಯನದುರ್ಗಕ್ಕೆ ಕಾರು ಹೋಗುತ್ತದೆ. ಮಧುಗಿರಿಗೆ ಹೆಸರಿದೆ. ಚನ್ನರಾಯನದುರ್ಗಕ್ಕೆ ಎರಡೂ ಇಲ್ಲ, ಹಾಗಾಗಿ ಜನವೂ ಇಲ್ಲ. ಬುಡದಲ್ಲಿ ಅದೇ ಹೆಸರಿನ ಊರು, ಮೇಲೆ ಸುತ್ತು ಸುತ್ತಾಗಿ ಕೋಟೆ ಗೋಡೆ, ಪೊದೆ ಬೆಳೆದ ಬಾಗಿಲುಗಳು. ಟೆಂಟು, ಬ್ಯಾಗು ಊರಲ್ಲಿ ಇಟ್ಟು ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಹತ್ತಿದೆವು. ಊರಿನ ಹುಡುಗನೊಬ್ಬ ಜೊತೆಗೆ ಬಂದ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆ ಮೇಲೆ ಓಡುತ್ತಿದ್ದ. ನಾವು ದುಬಾರಿ ಶೂ ಹಾಕಿಕೊಂಡು ತೆವಳುತ್ತಿದ್ದೆವು.

ಇಲ್ಲಿನ ಕಲ್ಲಿನ ಬಗ್ಗೆ ಮೇಷ್ಟ್ರು ಒಂದು ಪೀರಿಯಡ್ ತೆಗೆದುಕೊಂಡರು. ಅವರು ವಿಜ್ಞಾನದ ಮೇಷ್ಟ್ರು, ತಡೆಯಲಾಗಲಿಲ್ಲ. ರಾಮನಗರದ ಬಂಡೆಗಳು, ಈ ಮಧುಗಿರಿ ಸೀಮೆಯ ಬಂಡೆಗಳು, ಮುಂದೆ ಪಾವಗಡದವು, ಎಲ್ಲವೂ ಒಂದೇ ಗ್ರಾನೈಟ್ ಪಟ್ಟಿ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಅದರಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಗಟ್ಟಿಯಾದ ಕಲ್ಲು ಇದು. ಮೇಲಿನ ಹೊರೆ ಸವೆದು ಹೋದಂತೆ ಒತ್ತಡ ಇಳಿದು, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಬೆಟ್ಟಗಳು ಬೋಳಾಗಿ, ನುಣ್ಣಗೆ ದುಂಡಗಿರುವುದು ಅದಕ್ಕೇ. ನಡೆಯುವವರಿಗೆ ಇದರಿಂದ ಒಂದು ಪಾಠ ಇದೆ. ಪದರ ಎದ್ದ ಕಡೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ. ಅಂಥ ಕಲ್ಲಿನ ಅಂಚಿಗೆ ಹೋಗಬೇಡಿ.

ಮೇಲೆ ದೊಣೆಗಳಲ್ಲಿ ಇನ್ನೂ ನೀರಿತ್ತು, ಹಸಿರು ಬಣ್ಣದ್ದು. ಕೋಟೆ ಕಟ್ಟಿದವರು ಮಳೆ ನೀರು ಹರಿದು ಬರುವ ತಗ್ಗು ನೋಡಿ, ಅದಕ್ಕೆ ಕಲ್ಲಿನ ಅಡ್ಡಗೋಡೆ ಕಟ್ಟಿದ್ದಾರೆ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಒಳಗಿನವರಿಗೆ ಕುಡಿಯಲು ಅದೇ. ನಾವು ಮುಖ ಮಾತ್ರ ತೊಳೆದೆವು. ಉತ್ತರಕ್ಕೆ ಮಧುಗಿರಿ ಬೆಟ್ಟ ಒಂದೇ ಗುಂಡಾಗಿ ಕಾಣುತ್ತಿತ್ತು. ದಕ್ಷಿಣಕ್ಕೆ, ಧೂಳು ಮಂಜಿನ ಆಚೆ, ದೇವರಾಯನದುರ್ಗ. ಅಲ್ಲಿಂದ ಬಂದವರು ನಾವೇ ಅಂತ ಭಾವಮೈದ ಹುಡುಗನಿಗೆ ಹೇಳಿದ. 'ಬಸ್ಸಿತ್ತಲ್ಲಣ್ಣ' ಎಂದ ಹುಡುಗ.

ಸೂರ್ಯ ಮುಳುಗುವುದನ್ನು ಮೇಲೇ ನೋಡಬೇಕು ಎಂದು ಭಾವಮೈದ ಹಟ ಹಿಡಿದ. ಮೇಷ್ಟ್ರು ಒಪ್ಪಲಿಲ್ಲ. ಕರಡಿ ಹೊರಡುವುದು ಮುಸ್ಸಂಜೆಗೆ. ಎಲಚಿ ಹಣ್ಣಿನ ಕಾಲ ಬೇರೆ. ಇನ್ನೂ ಬೆಳಕಿರುವಾಗಲೇ ಊರಿಗೆ ಇಳಿದೆವು.

ರಾತ್ರಿ ನಮಗೆ ಸಿಕ್ಕಿದ್ದು ತೊಗರಿ ಹೊಲದ ಬದಿ, ಕಾವಲಿನ ಅಟ್ಟಣೆ ಕೆಳಗೆ. ಅಟ್ಟಣೆ ಮೇಲೆ ಎಪ್ಪತ್ತು ದಾಟಿದ ಅಜ್ಜ. ಹಂದಿ ಕಾಯುವುದು ಅವರ ಕೆಲಸ. ಹಂದಿ ಹಿಂಡು ಒಂದು ಸಲ ನುಗ್ಗಿದರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಅಜ್ಜನ ಹತ್ತಿರ ಟಾರ್ಚು, ಖಾಲಿ ಎಣ್ಣೆ ಡಬ್ಬ, ಒಂದು ಕೋಲು, ಬೀಡಿ. ಗಂಟೆಗೊಮ್ಮೆ ಡಬ್ಬ ಬಡಿಯುತ್ತಿದ್ದರು. ಮೊದಲ ಸಲ ಮೂವರೂ ಎದ್ದು ಕೂತೆವು. ಆಮೇಲೆ ಅಭ್ಯಾಸವಾಯಿತು. ಡಬ್ಬ ಸದ್ದು ತಡವಾದರೆ ಎಚ್ಚರವಾಗತೊಡಗಿತು!

'ಕತ್ತಲಲ್ಲಿ ಹೊಲ ದಾಟಬ್ಯಾಡಿ' ಎಂದು ಅಜ್ಜ ಮಲಗುವ ಮೊದಲೇ ಹೇಳಿದ್ದರು. ಚಿರತೆ ಇದೆಯಾ ಎಂದು ಕೇಳಿದೆ. 'ಅದಲ್ಲ, ತಂತಿ.' ಕೆಲವು ಕಡೆ ಹಂದಿಗೆ ಅಂತ ಕದ್ದು ಕರೆಂಟ್ ತಂತಿ ಎಳೆದಿರುತ್ತಾರೆ. ಕಾನೂನಿಗೆ ವಿರುದ್ಧ, ಜನ ಸತ್ತಿದ್ದಾರೆ, ಆದರೂ ಎಳೆಯುತ್ತಾರೆ. ಸೋಲಾರ್ ಬೇಲಿ ಒದ್ದು ಬಿಡುತ್ತದೆ, ಇದು ಬಿಡುವುದಿಲ್ಲ. ನಡೆಯಲು ಹೋಗುವವರು ಚಿರತೆ, ಹಾವಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಈ ತಂತಿ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ನಿಜಕ್ಕೂ ಹೆದರಬೇಕಾದದ್ದು ಇದೊಂದಕ್ಕೇ. ರಾತ್ರಿ ಟೆಂಟಿನಿಂದ ಎದ್ದು ಹೋಗಬೇಕಾದರೂ ಬಂದ ದಾರಿಯಲ್ಲೇ ಹೋಗಿ ಬನ್ನಿ.

ಸೋಮವಾರ

ಮಧುಗಿರಿಗೆ ಮೊದಲ ಬಸ್ಸು ಹಿಡಿದೆವು. ಪೇಟೆಯ ಮೇಲೆ ವಾಲಿಕೊಂಡು ನಿಂತ ಬೆಟ್ಟ ಅದು. ಎತ್ತರ ಸುಮಾರು 3,930 ಅಡಿ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಎಂದು ಊರಿನವರೆಲ್ಲ ಹೇಳುತ್ತಾರೆ. ಅಳೆದವರು ಯಾರು ಎಂದು ಕೇಳಿದರೆ ನಿಮ್ಮನ್ನೇ ಅಳೆಯುತ್ತಾರೆ. 17ನೇ ಶತಮಾನದಲ್ಲಿ ರಾಜಾ ಹಿರೇಗೌಡ ಎಂಬ ಪಾಳೆಯಗಾರ ಮಣ್ಣಿನ ಕೋಟೆ ಕಟ್ಟಿದ. ಮುಂದೆ ಅದು ಮೈಸೂರಿನ ಒಡೆಯರ ಕೈಗೆ ಬಂತು. ಹೈದರಾಲಿ ಕಾಲದಲ್ಲಿ ಇನ್ನಷ್ಟು ಬಲವಾಯಿತು.

ಮೊದಲ ಭಾಗ ಮೆಟ್ಟಿಲು, ಬಾಗಿಲು, ಮತ್ತೆ ಮೆಟ್ಟಿಲು. ಆರಾಮ. ಆಮೇಲೆ ಕಂಬಿ ಶುರುವಾಗುತ್ತದೆ. ಕಡಿದಾದ ಬಂಡೆಗೆ ಕಾಲಿಡಲು ಕಚ್ಚು ಕೊರೆದಿದ್ದಾರೆ, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಕಂಬಿ. ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಕೂತು, ಕೈ ಊರಿ ಹೋಗಬೇಕು. ಹೊರೆ ಇಟ್ಟು ಬರಬೇಕು ಎನ್ನುವುದು ಇಲ್ಲಿ ಕಡ್ಡಾಯ ಎಂದೇ ಹೇಳುತ್ತೇನೆ. ಬೆನ್ನ ಮೇಲೆ ಎಂಟು ಕಿಲೋ ಇದ್ದರೆ ಬಂಡೆ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ನಮ್ಮ ಬ್ಯಾಗುಗಳು ಮೇಷ್ಟ್ರ ಪರಿಚಯದ ಅಂಗಡಿಯಲ್ಲಿದ್ದವು. ಬೆಳಗ್ಗೆ ಇಬ್ಬನಿ ಆರುವವರೆಗೆ ಕಾಯಿರಿ, ಹತ್ತು ಗಂಟೆ ದಾಟುವ ಮೊದಲು ಮೇಲಿರಿ. ಆ ನಡುವಿನ ಹೊತ್ತೇ ನಿಮ್ಮದು.

ಬೆಟ್ಟಕ್ಕೆ ಮಧುಗಿರಿ ಎಂದು ಹೆಸರು ಬಂದದ್ದು ಜೇನಿನಿಂದ ಅನ್ನುತ್ತಾರೆ. ಬಂಡೆ ಸೀಳುಗಳಲ್ಲಿ ಹೆಜ್ಜೇನು ಕಟ್ಟುವ ಜಾಗ ಇದು. ಸೆಂಟ್ ಹಾಕಿಕೊಂಡು ಹೋಗಬೇಡಿ, ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ. ಕಂಬಿ ಹಿಡಿದು ನೇತಾಡುವಾಗ ಜೇನು ಎದ್ದರೆ ಓಡಲು ಜಾಗವೇ ಇಲ್ಲ.

ಅರ್ಧದಲ್ಲಿ ಭಾವಮೈದ ಕೂತುಬಿಟ್ಟ. ಕೆಳಗೆ ನೋಡಿದ್ದ. 'ಭಾವ, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ.' ನಾನು ಏನೂ ಹೇಳಲಿಲ್ಲ. ಹಿಂದೆ ಸೀರೆ ಉಟ್ಟ ಇಬ್ಬರು ಹೆಂಗಸರು ಬರಿಗಾಲಲ್ಲಿ ಬಂದರು. ಒಬ್ಬರು 'ಎದ್ದೇಳಪ್ಪ, ದಾರಿಗೆ ಅಡ್ಡ ಕೂತಿದೀಯ' ಎಂದರು. ಎದ್ದ. ಎದ್ದವನು ಮತ್ತೆ ಕೂರಲು ಅವರು ಬಿಡಲಿಲ್ಲ, ಹಿಂದಿನಿಂದ ಹೇಳುತ್ತಲೇ ಬಂದರು. ಎಡಗಾಲು, ಬಲಗಾಲು, ಕಂಬಿ ಹಿಡಿ, ಕೆಳಗೆ ನೋಡಬ್ಯಾಡ. ತುದಿಯಲ್ಲಿ ಗೋಪಾಲಕೃಷ್ಣನ ಹಾಳು ಗುಡಿ. ಒಳಗೆ ದೇವರಿಲ್ಲ, ಗೋಡೆ ತುಂಬ ಪ್ರೇಮಿಗಳ ಹೆಸರುಗಳು. ಮುನ್ನೂರು ವರ್ಷದ ಕಲ್ಲಿನ ಮೇಲೆ ಕೀಲಿಕೈಯಲ್ಲಿ ಗೀಚುವವರ ಬಗ್ಗೆ ಬರೆಯಲು ಹೋದರೆ ಭಾಷೆ ಕೆಡುತ್ತದೆ, ಬಿಡಿ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮುಖ ಬಂಡೆ ಕಡೆ ಮಾಡಿ, ಹಿಂದು ಹಿಂದಕ್ಕೆ ಇಳಿದರೆ ಸುಲಭ. ಹನ್ನೊಂದೂವರೆಗೆ ಕೆಳಗೆ ಬಂದಾಗ ಕಂಬಿ ಆಗಲೇ ಬಿಸಿಯಾಗಿತ್ತು. ಭಾವಮೈದನ ಪ್ಯಾಂಟಿನ ಹಿಂಭಾಗ ಸವೆದು ಹೋಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮುದ್ದೆ ಊಟ ಮಾಡಿ, ಅಲ್ಲೇ ಒಂದು ಲುಂಗಿ ಕೊಂಡು ಸುತ್ತಿಕೊಂಡ.

ಇನ್ನೊಂದು ದಿನ ಇರುವವರಿಗೆ ಒಂದು ಮಾತು. ಮಧುಗಿರಿ ತಾಲೂಕಿನ ಉತ್ತರದ ತುದಿಯಲ್ಲಿ, ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. 2007ರಲ್ಲಿ ಘೋಷಣೆಯಾದದ್ದು, 798 ಎಕರೆ, ಬೆಟ್ಟವೇ ಇಲ್ಲದ ಚಪ್ಪಟೆ ಹುಲ್ಲುಗಾವಲು. ಬೆಳಗಿನ ಹೊತ್ತು ಹೋಗಬೇಕು, ಮಧ್ಯಾಹ್ನ ನೆರಳಿಲ್ಲ. ಟೆಂಟ್ ಅಲ್ಲೂ ಹಾಕುವಂತಿಲ್ಲ. ಮೇಷ್ಟ್ರಿಗೆ ಅಲ್ಲಿ ಹತ್ತಿರದ ಊರಲ್ಲೂ ಒಬ್ಬ ಶಿಷ್ಯ ಇದ್ದಾನಂತೆ. ನಮಗೆ ಮಂಗಳವಾರ ರಜೆ ಇರಲಿಲ್ಲ.